ತೈಕೋ: ಪರದೆಯ ಮೇಲಿನ ‘ಪುರಾತನ’ ನಗಾರಿಯ ಈಚಿನ ಚರಿತ್ರೆ

ಯೂಟ್ಯೂಬ್‌ನಲ್ಲಿ ಜಪಾನಿನ ತೈಕೋ ವಾದನವನ್ನು ಮೊದಲ ಸಲ ನೋಡುವವರಿಗೆ ಬಹುಮಟ್ಟಿಗೆ ಒಂದೇ ಬಗೆಯ ದೃಶ್ಯ ಎದುರಾಗುತ್ತದೆ: ಕತ್ತಲುಗಟ್ಟಿದ ರಂಗ, ಆಳೆತ್ತರವನ್ನು ಮೀರಿದ ನಗಾರಿ, ಲಂಗೋಟಿಯನ್ನಷ್ಟೇ ಉಟ್ಟು ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು ಎರಡೂ ಕೈಗಳಿಂದ ಬಾರಿಸುವ ವಾದಕ. ಇದು ಸಾವಿರಾರು ವರ್ಷಗಳಿಂದ ಹೀಗೆಯೇ ನಡೆದುಬಂದಿದೆ ಎಂದು ನೋಡುಗರು ನಂಬಿದರೆ ಆಶ್ಚರ್ಯವಿಲ್ಲ. ವಾದ್ಯವೇನೋ ಹಳೆಯದೇ; ಪ್ರಾಚೀನ ಸಮಾಧಿ ದಿಬ್ಬಗಳಲ್ಲಿ ದೊರೆತ ಮಣ್ಣಿನ ಬೊಂಬೆಗಳಲ್ಲಿ ಡೋಲು ಬಾರಿಸುವವನ ಆಕೃತಿಯೂ ಇದೆ. ಆದರೆ ಹಲವು ನಗಾರಿಗಳನ್ನು ಕೂಡಿಸಿ ಮೇಳವಾಗಿ ನುಡಿಸುವ ಪದ್ಧತಿಗೆ ಮುಕ್ಕಾಲು ಶತಮಾನದಷ್ಟೇ ವಯಸ್ಸು.

ಆ ಪದ್ಧತಿಗೆ ರೂಪ ಕೊಟ್ಟವರು ನಾಗಾನೊ ಪ್ರಾಂತದ ದೈಹಾಚಿ ಒಗುಚಿ. ಅವರು ಜಾಜ್ ಡ್ರಮ್ ವಾದಕರಾಗಿದ್ದರು. ಸುವಾ ದೇವಾಲಯದ ನಗಾರಿ ವಾದನದ ಲಯವನ್ನು ಬರೆದಿಟ್ಟ ಹಳೆಯ ಸಂಗೀತಲಿಪಿಯೊಂದು ಕೈಗೆ ಬಂದಾಗ, ಅದನ್ನು ಒಬ್ಬನೇ ಏಕೆ ನುಡಿಸಬೇಕೆಂದು ಯೋಚಿಸಿದ ಒಗುಚಿ, ಜಾಜ್ ಡ್ರಮ್ ಸೆಟ್ಟಿನಲ್ಲಿ ಒಂದೊಂದು ಡ್ರಮ್ಮಿಗೆ ಒಂದೊಂದು ಕೆಲಸವಿರುವಂತೆಯೇ ಬೇರೆ ಬೇರೆ ಗಾತ್ರದ ನಗಾರಿಗಳಿಗೆ ಲಯವನ್ನು ಹಂಚಿ, 1951ರಲ್ಲಿ ಒಸುವಾ ದೈಕೊ ತಂಡವನ್ನು ಕಟ್ಟಿದರು.

ಇಂದು ವಿಡಿಯೊಗಳಲ್ಲಿ ಕಾಣುವ ದೃಶ್ಯವೈಭವ ಅದಕ್ಕೂ ಈಚಿನದು. ತಗಾಯಾಸು ದೆನ್ 1969ರಲ್ಲಿ ಸಾದೊ ದ್ವೀಪದಲ್ಲಿ ಯುವಕರನ್ನು ಸೇರಿಸಿ ಒಂದೆಕೊಜಾ ತಂಡವನ್ನು ಆರಂಭಿಸಿದರು. 1975ರಲ್ಲಿ ಈ ತಂಡದವರು ಬಾಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿದೊಡನೆ ನಗಾರಿ ಬಾರಿಸಿ ಸುದ್ದಿಯಾದರು. ಬೃಹತ್ ನಗಾರಿಗೆ ಎದುರಾಗಿ, ಸಭೆಗೆ ಬೆನ್ನು ಮಾಡಿ ನಿಲ್ಲುವ ಭಂಗಿಯನ್ನು ರೂಪಿಸಿದವರು ಈ ತಂಡದ ಎಯಿತೆತ್ಸು ಹಯಾಶಿ. ಲಂಗೋಟಿಯ ಸಲಹೆ ಕೊಟ್ಟವರಂತೂ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಪಿಯರ್ ಕಾರ್ಡಿನ್! ತಂಡ ಒಡೆದಾಗ ಸಾದೊದಲ್ಲೇ ಉಳಿದವರು ಕೊದೊ ಎಂಬ ಹೆಸರಿನಲ್ಲಿ 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ನೀಡಿದರು.

ಇದನ್ನೆಲ್ಲ ಕೃತಕವೆಂದು ತಳ್ಳಿಹಾಕುವುದು ಸರಿಯಲ್ಲ. ಈ ತಂಡಗಳು ಹಳ್ಳಿಗಳ ಉತ್ಸವದ ಲಯಗಳನ್ನು ಶ್ರಮಪಟ್ಟು ಕಲಿತವು. ಆದರೆ ರಂಗಕ್ಕೆ ಬಂದಾಗ ಅವು ಬದಲಾದದ್ದೂ ನಿಜ. ಡಿಸೆಂಬರ್ ಆರಂಭದಲ್ಲಿ ನಡೆಯುವ ಚಿಚಿಬು ರಾತ್ರಿ ಉತ್ಸವದಲ್ಲಿ ವಾದಕರು ತೇರಿನ ಒಳಗೆ ಇಕ್ಕಟ್ಟಿನಲ್ಲಿ ಕುಳಿತು ಬಾರಿಸುತ್ತಾರೆ. ತೇರೆಳೆಯುವವರಿಗೆ ಹುಮ್ಮಸ್ಸು ತುಂಬುವ ಆ ನಾದ ಬೀದಿಗೆಲ್ಲ ಕೇಳಿಸುತ್ತದೆ, ವಾದಕರು ಮಾತ್ರ ಕಾಣುವುದಿಲ್ಲ. ಅದೇ ಲಯ ರಂಗಕ್ಕೆ ಬಂದಾಗ, ನೆಲದ ಮೇಲೆ ಹಿಂದಕ್ಕೆ ಬಾಗಿ ಕುಳಿತು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಬಾರಿಸುವ ಸಾಹಸವಾಯಿತು. ಕ್ಯಾಮೆರಾ ಮೆಚ್ಚುವುದು ಈ ಎರಡನೆಯದನ್ನೇ.

ವಿಡಿಯೊಗಳಲ್ಲಿ ಇನ್ನೂ ಅಪರೂಪಕ್ಕೆ ಕಾಣುವವರು ನಗಾರಿ ಮಾಡುವವರು. ಝೆಲ್ಕೋವ ಮರದ ಒಂದೇ ದಿಮ್ಮಿಯನ್ನು ಕೊರೆದು, ಹದಮಾಡಿದ ದನದ ತೊಗಲನ್ನು ಎಳೆದು ಮೊಳೆ ಹೊಡೆಯುವ ಈ ಕಸುಬಿನಲ್ಲಿ ತೊಗಲಿನ ಕೆಲಸ ಶತಮಾನಗಳಿಂದ ಬುರಾಕು ಜನರ ಪಾಲಿಗೆ ಬಂದಿತ್ತು. ಅದೇ ಕಾರಣಕ್ಕೆ ಸಮಾಜ ಅವರನ್ನು ಅಶುದ್ಧರೆಂದು ದೂರವಿಟ್ಟಿತ್ತು. ತಮಟೆಯ ಚರ್ಮವನ್ನೂ ಅದನ್ನು ಹದಮಾಡಿದವರನ್ನೂ ನಮ್ಮ ಊರುಗಳು ನಡೆಸಿಕೊಂಡ ಬಗೆಯನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಸಾಕಾದ ನಾನಿವಾ ಇಂಥ ನಗಾರಿ ತಯಾರಕರ ಹಳೆಯ ಕೇರಿ. ಅಲ್ಲಿಯವರು ಮಾಡಿಕೊಟ್ಟ ನಗಾರಿಗಳನ್ನು ಬೇರೆಯವರು ಬಾರಿಸುತ್ತಿದ್ದರು. 1987ರಲ್ಲಿ ಆ ಕೇರಿಯ ಯುವಕರು ‘ಇಕಾರಿ’, ಅಂದರೆ ಸಿಟ್ಟು, ಎಂಬ ಹೆಸರಿಟ್ಟು ತಮ್ಮದೇ ತಂಡ ಕಟ್ಟಿಕೊಂಡು, ತಾರತಮ್ಯದ ವಿರುದ್ಧ ತಾವೇ ನಗಾರಿ ಬಾರಿಸತೊಡಗಿದರು.