ಇನ್ಫರೆನ್ಸ್ ಪ್ರಶ್ನೆ: ನಿಮಗೆ ಗೊತ್ತಿರೋದನ್ನ ಕೇಳ್ತಿಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಯಲ್ಲಿ ದಿನಾ ಓಡಾಡುವ ಮಾತು 'ಇನ್ಫರೆನ್ಸ್'. ಒಂದು ಪ್ಯಾಸೇಜ್ ಕೊಡುತ್ತಾರೆ, ಕೆಳಗೆ ನಾಲ್ಕು ಹೇಳಿಕೆ. ಇದರಿಂದ ಯಾವ ತೀರ್ಮಾನಕ್ಕೆ ಬರಬಹುದು ಅಂತ ಕೇಳುತ್ತಾರೆ. ಪ್ಯಾಸೇಜಿನಲ್ಲಿ ಅದೇ ಮಾತುಗಳಲ್ಲಿ ಬರೆದಿರುವುದಿಲ್ಲ. ಆದರೆ ಅಲ್ಲಿ ಬರೆದದ್ದನ್ನು ಒಪ್ಪಿದ ಮೇಲೆ ಒಪ್ಪದೆ ಬೇರೆ ದಾರಿ ಇರುವುದಿಲ್ಲ. ಅಂಥ ಮಾತೇ ಇನ್ಫರೆನ್ಸ್.

ಬಳ್ಳಾರಿಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗರಿಗೆ ಇದನ್ನು ಹೇಳಿಕೊಡುತ್ತೇನೆ. ವಿಷಯ ಗೊತ್ತಿಲ್ಲದವರಿಗಿಂತ ಗೊತ್ತಿರುವವರೇ ಇಲ್ಲಿ ಜಾಸ್ತಿ ತಪ್ಪುತ್ತಾರೆ. ಕಂಪ್ಯೂಟರ್ ಬಗ್ಗೆ ಪ್ಯಾಸೇಜ್ ಬಂದರೆ ಬಿಸಿಎ ಓದಿದವರು ಮೊದಲು ಬೀಳುತ್ತಾರೆ. ನಾನೇ ಬರೆದ ಒಂದು ಪ್ಯಾಸೇಜ್ ನೋಡಿ:

"1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಬೇಗ ಮಾರುಕಟ್ಟೆಗೆ ಬರಬೇಕೆಂದು ಹೆಚ್ಚಿನ ಭಾಗಗಳನ್ನು ಹೊರಗಿನಿಂದ ಕೊಂಡಿತು. ಪ್ರೊಸೆಸರ್ ಇಂಟೆಲ್‌ನದು, ಕಂಪ್ಯೂಟರನ್ನು ನಡೆಸುವ ಡಾಸ್ ಎಂಬ ಪ್ರೋಗ್ರಾಂ ಮೈಕ್ರೋಸಾಫ್ಟ್‌ನದು. ಡಾಸನ್ನು ಬೇರೆ ಕಂಪನಿಗಳಿಗೂ ಕೊಡುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಉಳಿಸಿಕೊಂಡಿತ್ತು. ಐಬಿಎಂನ ಸ್ವಂತದ್ದು ಅಂದರೆ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ. ಅದನ್ನು ನಕಲು ಮಾಡಲು ಕಾಪಿರೈಟ್ ಅಡ್ಡ ಇತ್ತು. ಕಾಂಪ್ಯಾಕ್ ಎಂಬ ಇನ್ನೊಂದು ಕಂಪನಿ ನಕಲು ಮಾಡಲಿಲ್ಲ. ಅದೇ ಕೆಲಸ ಮಾಡುವ ಬಯಾಸನ್ನು ಹೊಸದಾಗಿ ಬರೆಸಿತು. 1983ರಲ್ಲಿ ಅದರ ಕಂಪ್ಯೂಟರ್ ಗ್ರಾಹಕರ ಕೈ ಸೇರಿತು. ಐಬಿಎಂ ಪಿಸಿಗೆಂದು ಬರೆದ ಪ್ರೋಗ್ರಾಂಗಳು ಅದರಲ್ಲೂ ಓಡಿದವು."

ಆಯ್ಕೆಗಳು ಹೀಗಿವೆ. ಅ: ಐಬಿಎಂ ಹೊರಗಿನ ಭಾಗ ಬಳಸದಿದ್ದರೆ ಕಾಂಪ್ಯಾಕ್ ಕಂಪ್ಯೂಟರನ್ನೇ ಮಾಡುತ್ತಿರಲಿಲ್ಲ. ಆ: ಕಾಂಪ್ಯಾಕ್‌ನ ಕಂಪ್ಯೂಟರ್ ಐಬಿಎಂನದಕ್ಕಿಂತ ಅಗ್ಗವಾಗಿತ್ತು. ಇ: ಐಬಿಎಂ ಕೊನೆಗೆ ಪಿಸಿ ವ್ಯಾಪಾರವನ್ನೇ ಬಿಟ್ಟಿತು. ಈ: ಒಂದು ಪ್ರೋಗ್ರಾಂ ಮಾಡುವ ಕೆಲಸವನ್ನು, ಅದನ್ನು ನಕಲು ಮಾಡದೆ ಬರೆದ ಇನ್ನೊಂದು ಪ್ರೋಗ್ರಾಂ ಮಾಡಬಲ್ಲದು.

'ಇ' ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ.

"ನಿಜಾನೇ ಐತಲ್ಲ ಸಾರ್, ಲೆನೊವೊಗೆ ಮಾರಿಬಿಟ್ರಲ್ಲ?"

"ನಿಜಾನೇ ಐತಪ್ಪಾ. ಪ್ಯಾಸೇಜಲ್ಲಿ ಎಲ್ಲೈತಿ, ಬೆರಳಿಟ್ಟು ತೋರ್ಸು."

2005ರಲ್ಲಿ ಐಬಿಎಂ ಪಿಸಿ ವಿಭಾಗ ಲೆನೊವೊ ಪಾಲಾಯಿತು, ಹೌದು. ಆದರೆ ನಮ್ಮ ಪ್ಯಾಸೇಜ್ 1983ಕ್ಕೇ ನಿಂತಿದೆ. 'ಆ' ಕೂಡ ಹೊರಗಿನಿಂದ ತಂದ ಊಹೆ. ನಕಲಿನಂಥದ್ದು ಅಂದರೆ ಅಗ್ಗ ಅಂತ ನಾವೇ ಸೇರಿಸಿಕೊಳ್ಳುತ್ತೇವೆ. ಕಾಂಪ್ಯಾಕ್‌ನ ಆ ಪೋರ್ಟಬಲ್ ಕಂಪ್ಯೂಟರ್‌ನ ಬೆಲೆ ಶುರುವಾಗುತ್ತಿದ್ದದ್ದೇ 2,995 ಡಾಲರ್‌ಗೆ. ಅಗ್ಗದ ಮಾಲೇನೂ ಅಲ್ಲ.

'ಅ' ಮಾತ್ರ ಜಾಣ ಬಲೆ. ಭಾಗಗಳು ಹೊರಗೆ ಸಿಗುತ್ತಿದ್ದದ್ದು ಕಾಂಪ್ಯಾಕ್‌ಗೆ ಅನುಕೂಲ ಆಯಿತು ಅಂದಿದ್ದರೆ ಮಾತು ಬೇರೆ. 'ಕಂಪ್ಯೂಟರನ್ನೇ ಮಾಡುತ್ತಿರಲಿಲ್ಲ' ಅಂದರೆ ಹೇಗೆ? ಬೇರೆ ಥರದ ಕಂಪ್ಯೂಟರ್ ಮಾಡಬಹುದಿತ್ತಲ್ವಾ? ಪ್ಯಾಸೇಜ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಮಾತು ಇದು.

ಉಳಿದದ್ದು 'ಈ'. ನೋಡಲು ಸಪ್ಪೆ, ಇಷ್ಟೇನಾ ಅನ್ನಿಸುತ್ತದೆ. ಆದರೆ ಅದು ಸುಳ್ಳು ಅಂದುಕೊಂಡು ಪ್ಯಾಸೇಜ್ ಮತ್ತೆ ಓದಿ. ಕಾಂಪ್ಯಾಕ್ ಮಾಡಿದ ಕೆಲಸ ಆಗುವುದೇ ಇಲ್ಲ. ಪರೀಕ್ಷೆ ಇಷ್ಟೇ: ಪ್ಯಾಸೇಜಿನ ಎಲ್ಲ ಮಾತೂ ನಿಜವಾಗಿದ್ದು, ಈ ಹೇಳಿಕೆ ಸುಳ್ಳಾಗಲು ಸಾಧ್ಯವಾ? ಸಾಧ್ಯ ಅಂದರೆ ಅದನ್ನು ಬಿಡಿ. ಸರಿಯುತ್ತರ ಬಹಳ ಸಲ ಸಪ್ಪೆಯಾಗಿಯೇ ಇರುತ್ತದೆ.

ತಮಾಷೆ ಅಂದರೆ, ಆ ಬಯಾಸ್ ಬರೆಸಿದ ರೀತಿಯೂ ಇದೇ. ಐಬಿಎಂ ತನ್ನ ಬಯಾಸ್‌ನ ಸಾಲುಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಯೇ ಕೊಟ್ಟಿತ್ತು. ಅದನ್ನು ಓದಿದವರು ಹೊಸ ಬಯಾಸ್ ಬರೆಯುವಂತಿರಲಿಲ್ಲ. ಓದಿದವರು ಅದು ಏನೇನು ಮಾಡುತ್ತದೆ ಅಂತ ಪಟ್ಟಿ ಕೊಡಬೇಕು. ಒಂದು ಸಾಲೂ ನೋಡದವರು ಆ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಬರೆಯಬೇಕು. ಪ್ಯಾಸೇಜ್ ಮುಂದೆ ನಾವು ಕೂರಬೇಕಾದದ್ದು ಈ ಎರಡನೆಯವರ ಹಾಗೆ. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪ್ರಿಲಿಮ್ಸ್‌ನ ಸಿಸ್ಯಾಟ್ ಪೇಪರಿನಲ್ಲಿ ಉತ್ತರ ಪ್ಯಾಸೇಜನ್ನಷ್ಟೇ ಆಧರಿಸಿರಬೇಕು ಅಂತ ಸೂಚನೆಯನ್ನೇ ಹಾಕಿರುತ್ತಾರೆ. ಅದನ್ನು ಓದುವವರು ಕಡಿಮೆ. ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಟ್.

ನಮ್ಮೂರ ಜೀನ್ಸ್ ಬಗ್ಗೆ ಪ್ಯಾಸೇಜ್ ಬಂದರಂತೂ ಕೇಳೋದೇ ಬೇಡ. 'ಹೊಲಿದ ಪ್ಯಾಂಟು ವಾಷಿಂಗ್‌ಗೆ ಹೋಗುತ್ತದೆ, ವಾಷಿಂಗ್‌ಗೆ ನೀರು ಬೇಕೇ ಬೇಕು' ಅಂತಷ್ಟೇ ಇದ್ದರೆ, ನೀರಿಲ್ಲದ ದಿನ ವಾಷಿಂಗ್ ನಡೆಯದು ಅನ್ನಬಹುದು. ಹೊಲಿಗೆಯೂ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಹೊಲಿದದ್ದು ರಾಶಿ ಬೀಳಬಹುದಲ್ಲ. ಮನೆಮಂದಿಯೆಲ್ಲ ಹೊಲಿಗೆಗೆ ಹೋಗುವ ಹುಡುಗನಿಗೆ ಇದನ್ನು ಒಪ್ಪಿಸುವುದು ಕಷ್ಟ.

ಇನ್ನೊಂದು ಗೊಂದಲ ಅಸಂಪ್ಷನ್ ಜೊತೆ. ಇನ್ಫರೆನ್ಸ್ ಪ್ಯಾಸೇಜ್ ಓದಿದ ಮೇಲೆ ಸಿಗುವುದು. ಅಸಂಪ್ಷನ್ ಬರೆದವನು ಬಾಯಿಬಿಟ್ಟು ಹೇಳದೆ ಮೊದಲೇ ನಂಬಿಕೊಂಡದ್ದು. "1987ರಲ್ಲಿ ಐಬಿಎಂ ಪಿಎಸ್/2 ಸಾಲಿನ ಕಂಪ್ಯೂಟರ್‌ಗಳಲ್ಲಿ ಮೈಕ್ರೋ ಚಾನೆಲ್ ಎಂಬ, ಹೆಚ್ಚುವರಿ ಕಾರ್ಡುಗಳನ್ನು ಕೂರಿಸುವ ಹೊಸ ವ್ಯವಸ್ಥೆ ತಂದಿತು. ಹಳೆಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಆದ್ದರಿಂದ ಅನೇಕ ಗ್ರಾಹಕರು ಬೇರೆ ಕಂಪನಿಗಳ ಕಡೆ ತಿರುಗಿದರು" ಅಂತ ಒಬ್ಬರು ಬರೆದರು ಅನ್ನಿ. ಆ ಗ್ರಾಹಕರಿಗೆ ಹಳೆಯ ಕಾರ್ಡುಗಳು ಇನ್ನೂ ಬೇಕಾಗಿದ್ದವು ಅನ್ನೋದು ಇಲ್ಲಿನ ಅಸಂಪ್ಷನ್. ಅವು ಯಾರಿಗೂ ಬೇಡವಾಗಿದ್ದವು ಅಂದುಕೊಂಡು ನೋಡಿ, 'ಆದ್ದರಿಂದ' ಅಲ್ಲೇ ಮುರಿದು ಬೀಳುತ್ತದೆ. ಅಸಂಪ್ಷನ್ ಕೇಳಿದಾಗ ಹುಡುಕಬೇಕಾದದ್ದು ಆ 'ಆದ್ದರಿಂದ'ದ ಹಿಂದಿನ ಸಂದು. 'ಗ್ರಾಹಕರು ತಿರುಗಿದರು' ಅನ್ನುವ ಸಾಲಿಗೆ ಹತ್ತಿರದ ಆಯ್ಕೆ ಸಿಕ್ಕಿತು ಅಂತ ಸುಮ್ನೆ ಗುರುತು ಹಾಕಬೇಡಿ.