ಮೂರು ತಿಂಗಳ ಶುಗರ್ ರಿಪೋರ್ಟ್ ಎಲ್ಲಿಂದ ಬಂತು?

ಕೋಲಾರದ ಲ್ಯಾಬಿಗೆ ಹೋಗೋ ಎರಡು ದಿನ ಮುಂಚೆ ನಮ್ಮ ದೊಡ್ಡಮ್ಮ ಕಾಫಿಗೆ ಸಕ್ಕರೆ ನಿಲ್ಲಿಸಿದ್ದರು. ರಾತ್ರಿ ಅನ್ನವೂ ಬಂದ್. ಬರಿಹೊಟ್ಟೆ ಶುಗರ್ 108 ಬಂತು. ಮುಖ ಅರಳಿತು. ಕೆಳಗಿನ ಸಾಲಿನಲ್ಲಿ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಶುಗರಿನ ಲೆಕ್ಕ, 7.1. "ಬಾಯಿ ಕಟ್ಟಿದ್ದೀನಿ ಕಣೋ, ಇದ್ಯಾಕೆ ಹಿಂಗೆ ಚಾಡಿ ಹೇಳ್ತದೆ?" ಅಂದರು.

ಚಾಡಿ ಹೇಳಿದ್ದು ಒಂದು ಪ್ರೋಟೀನ್. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್. ರಕ್ತದಲ್ಲಿ ಓಡಾಡುವ ಗ್ಲುಕೋಸ್ ಅದಕ್ಕೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದರೆ ಕೆಂಪು ಕಣ ಸಾಯುವ ತನಕ ಬಿಡಲ್ಲ. ಆ ಕಣದ ಆಯಸ್ಸು ಸುಮಾರು 120 ದಿನ. ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಹೀಗೆ ಗ್ಲುಕೋಸ್ ಅಂಟಿದೆ ಅನ್ನೋದೇ ಎಚ್‌ಬಿಎ1ಸಿ. ಎರಡು ದಿನದ ಪಥ್ಯ ಅಲ್ಲಿ ಯಾವ ಮೂಲೆಗೆ?

ಈ ಅಂಟುವ ಕಥೆ ಶುರುವಾಗಿದ್ದು ಆಸ್ಪತ್ರೆಯಲ್ಲಲ್ಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್, ಸಕ್ಕರೆಯನ್ನೂ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳನ್ನೂ ಒಟ್ಟಿಗೆ ಕಾಯಿಸಿದರೆ ಕಂದು ಬಣ್ಣ ಬರುತ್ತದೆ ಅಂತ ತೋರಿಸಿದರು. ನಮಗೆ ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಮುಳಬಾಗಿಲು ದೋಸೆ ಮಗುಚಿ ನೋಡಿ. ಮೇಲೆ ಮೆತ್ತಗೆ, ತಳ ಕೆಂಪಗೆ ಗರಿಗರಿ. ಆ ಬಣ್ಣ, ಆ ಘಮದಲ್ಲಿ ಇದೇ ಕೆಲಸದ ಪಾಲು ದೊಡ್ಡದು. ಕಾವಲಿಯ ಮೇಲೆ ಎರಡು ನಿಮಿಷದಲ್ಲಿ ಆಗೋದರ ಮೊದಲ ಹೆಜ್ಜೆ, ಮೈಯ ಬಿಸಿಯಲ್ಲಿ ದಿನಗಟ್ಟಲೆ ಆಗುತ್ತದೆ, ಅಷ್ಟೇ.

ಪ್ರೋಟೀನ್ ತಯಾರಾದ ಮೇಲೆ ಅದಕ್ಕೆ ಒಗ್ಗರಣೆ ಹಾಕೋದು ದೇಹಕ್ಕೆ ಹೊಸದೇನಲ್ಲ. ಫಾಸ್ಫೇಟ್ ಅನ್ನೋ ಚಿಕ್ಕ ರಾಸಾಯನಿಕ ತುಣುಕು ಸೇರಿಸಿ ಪ್ರೋಟೀನನ್ನು ಸ್ವಿಚ್ಚಿನ ಹಾಗೆ ಆನ್, ಆಫ್ ಮಾಡುತ್ತದೆ. 1950ರ ದಶಕದಲ್ಲಿ ಇದನ್ನು ಕಂಡುಕೊಂಡ ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಆದರೆ ಆ ಒಗ್ಗರಣೆಗೆ ಎನ್‌ಜೈಮ್ ಅನ್ನೋ ಅಡುಗೆಯವನು ಇರುತ್ತಾನೆ. ಹಿಮೋಗ್ಲೋಬಿನ್‌ಗೆ ಗ್ಲುಕೋಸ್ ಅಂಟೋದಕ್ಕೆ ಯಾರೂ ಬೇಡ. ರಕ್ತದಲ್ಲಿ ಸಕ್ಕರೆ ಇದ್ದರೆ ಸಾಕು, ಜಾಸ್ತಿ ಆದಷ್ಟೂ ಜಾಸ್ತಿ ಅಂಟುತ್ತದೆ.

1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಿಮೋಗ್ಲೋಬಿನ್ನನ್ನು ಸೋಸಿ ಬೇರೆ ಮಾಡುವಾಗ ಚಿಕ್ಕ ಚಿಕ್ಕ ಪಾಲುಗಳು ಸಿಕ್ಕವು. ಅವಕ್ಕೆ ಎ, ಬಿ, ಸಿ ಅಂತ ಗುರುತು. ನಮ್ಮ ರಿಪೋರ್ಟಿನ ಕೊನೆಯ 'ಸಿ' ಅಲ್ಲಿಂದ ಬಂದದ್ದು. ಅದರಿಂದ ಏನು ಉಪಯೋಗ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಹತ್ತು ವರ್ಷ ಸುಮ್ನೆ ಬಿದ್ದಿತ್ತು. 1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಹಿಮೋಗ್ಲೋಬಿನ್‌ನ ಬೇರೆ ಬೇರೆ ಬಗೆ ಹುಡುಕುತ್ತಿದ್ದರು. ಶುಗರ್ ಇರುವವರ ರಕ್ತದ ಹಿಮೋಗ್ಲೋಬಿನ್ ಬೇರ್ಪಡಿಸಿದಾಗ ಒಂದು ವಿಚಿತ್ರ ಗೆರೆ ಕಂಡಿತು. ನನ್ನ ಕೇಳಿದರೆ ಈ ಕಥೆಯ ಹೀರೋ ಇವರೇ. ಎಲ್ಲರೂ ಪಕ್ಕಕ್ಕೆ ತಳ್ಳಿದ್ದನ್ನು ರೋಗದ ಜೊತೆ ಗಂಟು ಹಾಕಿದವರು.

1976ರಲ್ಲಿ ನ್ಯೂಯಾರ್ಕ್‌ನ ಕೋನಿಗ್, ಸೆರಾಮಿ ತಂಡ, ಸಕ್ಕರೆ ಹತೋಟಿಗೆ ಬಂದರೆ ಈ ಅಂಕಿಯೂ ಇಳಿಯುತ್ತದೆ ಅಂತ ತೋರಿಸಿತು. 1993ರಲ್ಲಿ ಅಮೆರಿಕ, ಕೆನಡಾದ 1,441 ಟೈಪ್-1 (ದೇಹ ಇನ್ಸುಲಿನ್ ತಯಾರಿಸದ ಬಗೆಯ) ಶುಗರ್ ರೋಗಿಗಳ ಅಧ್ಯಯನ ಮುಗಿಯಿತು. ಅಂಕಿ 9ರ ಹತ್ತಿರ ಇದ್ದವರಿಗಿಂತ 7ರ ಹತ್ತಿರ ಇದ್ದವರ ಕಣ್ಣು, ಕಿಡ್ನಿ, ನರ ಚೆನ್ನಾಗಿ ಉಳಿದಿದ್ದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಅಂಕಿ 6.5 ಅಥವಾ ಅದಕ್ಕೂ ಮೇಲಿದ್ದರೆ ಶುಗರ್ ಕಾಯಿಲೆ ಅನ್ನೋ ಗೆರೆ ಒಪ್ಪಿಕೊಂಡಿತು.

ಕೆಂಪು ಕಣ ಸತ್ತು ಹೊಸದು ಬರುತ್ತದೆ, ಸರಿ. ಕಣ್ಣಿನ ಲೆನ್ಸಿನ ನಡುವಿನ ಪ್ರೋಟೀನ್ ಹಾಗಲ್ಲ, ಹುಟ್ಟಿನಿಂದ ಅದೇ. ಅಲ್ಲಿ ಅಂಟಿದ ಸಕ್ಕರೆ ವರ್ಷಗಟ್ಟಲೆ ಕೂತು, ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಕಂದಾಗಿಸುತ್ತದೆ. ಶುಗರ್ ಇರುವವರಿಗೆ ಕಣ್ಣಿನ ಪೊರೆ ಬೇಗ ಬರೋದಕ್ಕೆ ಇದೂ ಒಂದು ಕಾರಣ.

ಅಂಕಿ ಸುಳ್ಳು ಹೇಳೋದೂ ಉಂಟು. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಡಿಮೆ. ನಮ್ಮ ಕಡೆ ರಕ್ತ ಕಡಿಮೆ ಇರೋ ಹೆಂಗಸರು ಎಷ್ಟು ಜನ ಅಲ್ವಾ?

ದೊಡ್ಡಮ್ಮನ ಹಿಮೋಗ್ಲೋಬಿನ್ ಬರೀ 9 ಇತ್ತು, ಅಂದರೆ ರಕ್ತ ಕಡಿಮೆ. ಡಾಕ್ಟರು ಅದನ್ನೇ ಮೊದಲು ನೋಡಿದರು. ಕಬ್ಬಿಣದ ಮಾತ್ರೆ ಬರೆದು, ಊಟ ಆದ ಮೇಲಿನ ಶುಗರ್ ಬೇರೆ ಮಾಡಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. "ಈ ಸಲ ಹೇಳದೇ ಕರ್ಕೊಂಡು ಹೋಗು" ಅಂತ ದೊಡ್ಡಪ್ಪ ನನ್ನ ಕಿವಿಯಲ್ಲಿ ಉಸುರಿದರು.