ಸೆಲ್ಕರ್ಕ್‌ನ ಶೆರಿಫ್: ಒಂದು ಮನೆತನದ ಆಸ್ತಿಯಾಗಿದ್ದ ನ್ಯಾಯಪೀಠ

ನ್ಯಾಯ ಹೇಳುವ ಹಕ್ಕು ಬಿಟ್ಟುಕೊಟ್ಟದ್ದಕ್ಕೆ 4,000 ಪೌಂಡ್ ಪರಿಹಾರ! ದಕ್ಷಿಣ ಸ್ಕಾಟ್ಲೆಂಡಿನ ಪುಟ್ಟ ಸೀಮೆ ಸೆಲ್ಕರ್ಕ್‌ನಲ್ಲಿ, ಫಿಲಿಪ್‌ಹಾಫ್‌ನ ಮರ್ರೆ ಮನೆತನಕ್ಕೆ ಸಂದ ಹಣ ಇದು. 16ನೇ ಶತಮಾನದ ಆರಂಭದಲ್ಲಿ ನಾಲ್ಕನೇ ಜೇಮ್ಸ್ ದೊರೆ ಕೊಟ್ಟ ಶೆರಿಫ್ ಪದವಿ, ಹೊಲ ಮನೆಗಳಂತೆಯೇ ತಂದೆಯಿಂದ ಮಗನಿಗೆ ಇಳಿದು ಬಂದಿತ್ತು.

ಅಮೆರಿಕದ ಸಿನಿಮಾಗಳಲ್ಲಿ ಕಾಣುವ ಪೊಲೀಸ್ ಶೆರಿಫ್ ಬೇರೆ. ಸ್ಕಾಟ್ಲೆಂಡಿನ ಶೆರಿಫ್ ನ್ಯಾಯಾಧೀಶ. ಅಂಥ ಅಧಿಕಾರ ಯಾರ ಮನೆಯಲ್ಲಿ ಹುಟ್ಟಿದೆವು ಎಂಬುದರ ಮೇಲೆ ನಿಂತಿದ್ದರೆ, ಆ ಮನೆಯ ಒಕ್ಕಲು ದೂರು ಕೊಡುವುದಾದರೂ ಯಾರ ಮುಂದೆ?

ಆದರೆ ಬದಲಾವಣೆ ತಂದದ್ದು ಒಕ್ಕಲಿನ ಕಷ್ಟವಲ್ಲ, ಸರ್ಕಾರದ ಭಯ. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು 1745ರಲ್ಲಿ ಎದ್ದ ಜಾಕೋಬೈಟ್ ಬಂಡಾಯ ಮರುವರ್ಷ ಕಲೋಡನ್ ರಣರಂಗದಲ್ಲಿ ಮುರಿದುಬಿತ್ತು. ಸ್ಥಳೀಯ ಪ್ರಭುಗಳ ಬಲ ಕುಗ್ಗಿಸಲು ಲಂಡನ್ ಪಾರ್ಲಿಮೆಂಟು ವಂಶಪಾರಂಪರ್ಯ ನ್ಯಾಯಾಧಿಕಾರವನ್ನೇ ರದ್ದು ಮಾಡಿತು. 1748ರಿಂದ ಶೆರಿಫ್‌ನನ್ನು ದೊರೆಯ ಹೆಸರಿನಲ್ಲಿ ನೇಮಿಸತೊಡಗಿದರು. ಆತ ವಕೀಲನಾಗಿ ಕನಿಷ್ಠ ಮೂರು ವರ್ಷ ಕಳೆದಿರಬೇಕು, ವರ್ಷಕ್ಕೆ ನಾಲ್ಕು ತಿಂಗಳು ತನ್ನ ಸೀಮೆಯಲ್ಲೇ ವಾಸಿಸಬೇಕು. ನನ್ನ ದೃಷ್ಟಿಯಲ್ಲಿ ಈ ಎರಡನೆಯ ನಿಯಮವೇ ದೊಡ್ಡದು.

1799ರಲ್ಲಿ ಈ ಹುದ್ದೆಗೆ ಬಂದವರು ಕವಿ, ಮುಂದೆ ಕಾದಂಬರಿಕಾರರಾಗಿಯೂ ಹೆಸರಾದ ವಾಲ್ಟರ್ ಸ್ಕಾಟ್. ಸಂಬಳ ವರ್ಷಕ್ಕೆ 300 ಪೌಂಡ್. ಮನೆ ಮಾತ್ರ ಎಡಿನ್‌ಬರೋ ಬಳಿ. ಶೆರಿಫ್ ಸೀಮೆಯಲ್ಲಿ ನೆಲೆಸುತ್ತಿಲ್ಲ ಎಂದು ಸೀಮೆಯಲ್ಲಿ ದೊರೆಯ ಪ್ರತಿನಿಧಿಯಾಗಿದ್ದ ಲಾರ್ಡ್ ನೇಪಿಯರ್ ಆಕ್ಷೇಪ ಎತ್ತಿದರು. ಕೊನೆಗೆ 1804ರಲ್ಲಿ ಸ್ಕಾಟ್ ಟ್ವೀಡ್ ನದಿ ದಡದ ಆಶೆಸ್ಟೀಲ್‌ನಲ್ಲಿ ಮನೆ ಹಿಡಿದರು. ಸೆಲ್ಕರ್ಕ್ ಊರಿನ ಸಂತೆಚೌಕದಲ್ಲಿ ಹೊಸ ಕೋರ್ಟು ಎದ್ದು ನಿಂತದ್ದೂ ಆ ಹೊತ್ತಿನಲ್ಲೇ. 1832ರಲ್ಲಿ ಸಾಯುವವರೆಗೂ ಅವರೇ ಶೆರಿಫ್. ಅವರು ಕೂರುತ್ತಿದ್ದ ಕೋಣೆ ಈಗ ವಸ್ತುಸಂಗ್ರಹಾಲಯ. ಹೊರಗೆ ಶೆರಿಫ್ ನಿಲುವಂಗಿ ತೊಟ್ಟ ಅವರ ಪ್ರತಿಮೆಯಿದೆ.

ಮುಂದೆ ಸೀಮೆಗಳು ಒಂದರೊಳಗೊಂದು ಸೇರುತ್ತ ಹೋದವು. 1870ರ ಕಾಯ್ದೆ ಸೆಲ್ಕರ್ಕನ್ನು ರಾಕ್ಸ್‌ಬರೋ, ಬೆರಿಕ್ ಜೊತೆ ಕೂಡಿಸಿತು. 1975ರಲ್ಲಿ ಇಡೀ ಸ್ಕಾಟ್ಲೆಂಡೇ ಆರು ಶೆರಿಫ್ ವಲಯಗಳಾಯಿತು. ಸೆಲ್ಕರ್ಕ್ 'ಲೋಥಿಯನ್ ಮತ್ತು ಬಾರ್ಡರ್ಸ್'ಗೆ ಸೇರಿತು. 2015ರಲ್ಲಿ ನೆರೆಯ ಪೀಬಲ್ಸ್ ಕೋರ್ಟು ಮುಚ್ಚಿ, ಅಲ್ಲಿನ ಕೇಸುಗಳೂ ಸೆಲ್ಕರ್ಕ್‌ಗೆ ಬಂದವು. ಶೆರಿಫ್ ವರ್ಷಕ್ಕೆ ನಾಲ್ಕು ತಿಂಗಳು ಸೀಮೆಯಲ್ಲೇ ಇರಬೇಕೆಂದು ಒಂದು ಕಾಲದಲ್ಲಿ ಕಾಯ್ದೆಯೇ ಹೇಳಿತ್ತು. ಈಗ ಪೀಬಲ್ಸ್‌ನ ಕಕ್ಷಿದಾರರೇ ಬೆಟ್ಟ ಬಳಸಿ ಸೆಲ್ಕರ್ಕ್‌ವರೆಗೆ ಬರಬೇಕು.